ಉಸಿರು ತುಂಡಾದಲ್ಲಿ ಗದ್ದೆ ಬೋಳು

ನಡೆದದ್ದು ಇಷ್ಟೇ. ಕ್ಯಾನ್ಸರ್ ನನ್ನನ್ನು ಬಿಟ್ಟುಹೋಗಿ ಒಂಬತ್ತು ವರ್ಷವಾಗಿತ್ತು. ನನ್ನ ಎದೆಯನ್ನು ಕೆಡಿಸಿಕೊಂಡವಳು ನಾನೇ. ದೇವರ ಮುನಿಸೂ ಅಲ್ಲ, ಯಾರ ಕಣ್ಣು ಬಿದ್ದದ್ದೂ ಅಲ್ಲ. ತಿನ್ನಬೇಕಾದ ಮಾತ್ರೆ ತಿನ್ನಲಿಲ್ಲ, ಬಿಚ್ಚಬೇಕಾದ ಬಟ್ಟೆ ಬಿಚ್ಚಲಿಲ್ಲ, ಅದೇ ದಡ್ಡತನವನ್ನು ಇನ್ನೊಬ್ಬಳಿಗೂ ಕಲಿಸಿದೆ.

ಹೋದ ಮಳೆಗಾಲ, ಕಾಲುವೆಗೆ ನೀರು ಬಿಟ್ಟ ಮೇಲೆ, ಕಂಪ್ಲಿ ಹತ್ತಿರ ಒಂದು ದೊಡ್ಡ ಗದ್ದೆಯ ನಾಟಿ ಹಿಡಿದಿದ್ದೆವು. ನಾವು ಹನ್ನೆರಡು ಹೆಂಗಸರು. ಸಸಿಗೆ ಆಗಲೇ ದಿನ ತುಂಬಿತ್ತು. ಬಲಿತ ಸಸಿ ತೆಂಡೆ ಒಡೆದು ಕವಲಾಗುವುದಿಲ್ಲ, ಎಂಟು ದಿನದೊಳಗೆ ಬದುಗಳ ನಡುವಿನ ಎಲ್ಲ ಮಡಿಗಳೂ ಮುಗಿಯಬೇಕು ಎಂದು ಗದ್ದೆ ನೋಡಿಕೊಳ್ಳುವವನು ಮೊದಲ ದಿನವೇ ಬದುವಿನ ಮೇಲೆ ನಿಂತು ಹೇಳಿದ್ದ.

ನಾಟಿಯನ್ನು ಕಣ್ಣಿಂದ ಮಾಡುತ್ತಾರೆ ಎಂದು ನೋಡುವವರು ತಿಳಿಯುತ್ತಾರೆ. ನಮ್ಮ ಗುಂಪಿನಲ್ಲಿ ಅದು ಕಿವಿಯ ಕೆಲಸ. ಹನ್ನೆರಡು ಜನ ಸಾಲಾಗಿ ಬಗ್ಗಿ ನಿಲ್ಲುತ್ತೇವೆ. ಬದುವಿನ ಪಕ್ಕದ ತುದಿ ನನ್ನದು. ನಾನು ಹಾಡಿನ ಒಂದು ಸೊಲ್ಲು ಎತ್ತುತ್ತೇನೆ. ಆ ಸೊಲ್ಲು ಮುಗಿಯುವುದರೊಳಗೆ ಒಬ್ಬೊಬ್ಬಳೂ ತನ್ನ ಮುಂದೆ ಆರು ಕಡೆ ಸಸಿ ಊರಬೇಕು. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಎರಡು ಮೂರು ಸಸಿ, ಬೆರಳಿನ ಎರಡು ಗೆಣ್ಣು ಮುಳುಗುವಷ್ಟು ಆಳ. ಉಳಿದವರು ಸೊಲ್ಲನ್ನು ಹಿಡಿದು ತಿರುಗಿ ಹಾಡುವಾಗ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ. ಮತ್ತೆ ಸೊಲ್ಲು, ಮತ್ತೆ ಆರು, ಮತ್ತೆ ಹೆಜ್ಜೆ. ದಾರ ಹಿಡಿಯುವುದು, ಅಳತೆ ಕೋಲು ಇಡುವುದು ನಮ್ಮಲ್ಲಿಲ್ಲ. ಹಾಡು ಸರಿ ಇದ್ದರೆ ಗದ್ದೆ ಸರಿ.

ನನ್ನ ಎಡಗೈ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಸಂಡೂರು ಕಡೆಯ ಹೆಣ್ಣುಮಗಳು. ಅವಳನ್ನು ಸಂಡೂರಿನವಳು ಎಂದೇ ಕರೆಯುತ್ತೇನೆ. ನನಗಿಂತ ಹದಿನೈದು ವರ್ಷ ಚಿಕ್ಕವಳು. ನಮ್ಮಿಬ್ಬರಿಗೂ ಒಂದೇ ರೋಗ ಬಂದಿತ್ತು. ನನಗೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿತು; ಗರ್ಭಕೋಶದ ಒಳಪದರಕ್ಕೆ ಕ್ಯಾನ್ಸರ್ ಎಂದರು, ಗರ್ಭಕೋಶ ತೆಗೆದರು, ಬದುಕಿದೆ. ಅವಳಿಗೆ ಅದೇ ಆಗಿ ಎರಡು ವರ್ಷವಾಗಿತ್ತು. ಅವಳು ನನ್ನನ್ನು ನೋಡಿಯೇ ಧೈರ್ಯ ಮಾಡಿ ಕೆಲಸಕ್ಕೆ ಬಂದವಳು. ನಾನು ಮಾಡಿದ್ದನ್ನೇ ಮಾಡುತ್ತಿದ್ದಳು.

ನಾನು ಮಾಡುತ್ತಿದ್ದುದು ಏನೆಂದರೆ, ಹೊಟ್ಟೆ ಕಟ್ಟುವುದು. ಬಾಣಂತಿಗೆ ಹಳೆ ಸೀರೆ ಹರಿದು ಹೊಟ್ಟೆ ಬಿಗಿಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗರ್ಭಕೋಶ ತೆಗೆದ ಮೇಲೆ ಆ ಜಾಗ ಖಾಲಿ, ಖಾಲಿ ಜಾಗಕ್ಕೆ ಗಾಳಿ ಹೊಕ್ಕು ಮೇಲಕ್ಕೇರಿದರೆ ದಮ್ಮು ಹತ್ತುತ್ತದೆ ಎಂದು ನಾನು ನಂಬಿದ್ದೆ. ಯಾರು ಹೇಳಿದರೋ ಕಾಣೆ, ಬಹುಶಃ ನಾನೇ ಹೇಳಿಕೊಂಡದ್ದು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಹಸಿರು ಬಣ್ಣದ ಒಂದು ಹಳೆ ಸೀರೆಯ ತುಂಡನ್ನು ನಾಲ್ಕು ಸುತ್ತು ಸುತ್ತಿ, ಮುಂದೆ ಗಂಟು ಹಾಕಿ, ಅದರ ಮೇಲೆ ಸೀರೆ ಉಡುತ್ತಿದ್ದೆ. ಸಂಡೂರಿನವಳಿಗೆ ಮೊದಲ ಸಲ ಬಿಗಿದವಳೂ ನಾನೇ, ಮೊಣಕಾಲು ಕೊಟ್ಟು ಎಳೆದು.

ಮೊದಲೆರಡು ದಿನ ಕನಸಿನಂತಿದ್ದವು. ಬೆಳಿಗ್ಗೆ ಮಡಿಯಲ್ಲಿ ಕೆಸರು ತಿಳಿಯಾಗಿ ನೀರು ನಿಂತಿರುತ್ತದೆ. ಒಳಗೆ ಆಕಾಶ. ಹಂಪಿ ಕಡೆಯ ಬಂಡೆಗುಡ್ಡಗಳು ತಲೆಕೆಳಗಾಗಿ ನಮ್ಮ ಕಾಲ ಬಳಿ ತೂಗುತ್ತವೆ. ನಾವು ಮೋಡಕ್ಕೆ ಸಸಿ ಚುಚ್ಚುತ್ತ ಹಿಂದಕ್ಕೆ ಹಿಂದಕ್ಕೆ ಹೋಗುತ್ತೇವೆ, ಮುಂದೆ ಮೋಡವೆಲ್ಲ ಹಸಿರಾಗುತ್ತದೆ. ಬೆಳ್ಳಕ್ಕಿಗಳು ನಮಗೆ ಹೆದರುವುದಿಲ್ಲ. ಆ ಹೊತ್ತಿನಲ್ಲಿ ನನಗೆ ನನ್ನ ಮೈ ಇದೆ ಎನ್ನುವುದೇ ಮರೆತುಹೋಗುತ್ತಿತ್ತು. ಅದೇ ತೊಂದರೆಯಾಯಿತು.

ಯಾಕೆಂದರೆ ಮೈ ಹೇಳುತ್ತಿತ್ತು. ಕಾಲು ಬಾತಿದ್ದವು. ಹನ್ನೆರಡು ಜನರ ಕಾಲೂ ಬಾತಿರುತ್ತವೆ, ನೀರಿನಲ್ಲಿ ನಿಂತವರ ಕಾಲು ಮತ್ತೆ ಹೇಗಿರಬೇಕು? ಮಲಗಿದರೆ ದಮ್ಮು ಬರುತ್ತಿತ್ತು, ಗೋಡೆಗೆ ಒರಗಿ ಮಲಗಿದೆ, ಸೆಖೆ ಎಂದೆ. ಸುಸ್ತು ಹೆಚ್ಚಾಯಿತು, ಮಜ್ಜಿಗೆಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ಕುಡಿದೆ. ಹೊಟ್ಟೆಗೆ ಕಟ್ಟುವ ಬಟ್ಟೆ ಬೇಸಿಗೆಯಿಂದಲೇ ಸಾಲದೆ ಬಂದಿತ್ತು. ಮೊದಲು ನಾಲ್ಕು ಸುತ್ತಾಗಿ ಗಂಟಿಗೆ ಒಂದು ಗೇಣು ಉಳಿಯುತ್ತಿತ್ತು. ಈಗ ನಾಲ್ಕನೇ ಸುತ್ತು ಎಡಪಕ್ಕೆಗೇ ಮುಗಿಯುತ್ತಿತ್ತು. ಒಗೆದು ಒಗೆದು ಬಟ್ಟೆ ಕುಗ್ಗಿದೆ ಎಂದುಕೊಂಡು ಉಸಿರು ಒಳಗೆಳೆದು ಇನ್ನೂ ಬಿಗಿದೆ. ಹೀಗೆ ಒಂದೊಂದಕ್ಕೂ ಒಂದೊಂದು ಉತ್ತರ ನನ್ನ ಬಳಿ ಸಿದ್ಧವಿತ್ತು.

ಮೂರನೇ ದಿನ ಸಂಜೆ ಗದ್ದೆ ನೋಡಿಕೊಳ್ಳುವವನು ಬದುವಿನ ಮೇಲೆ ನಿಂತು ಕೂಗಿದ.

"ಏನಮ್ಮಾ ಇದು? ನೆಲ್ಲು ಹಚ್ಚೀರೋ, ಇಲಿ ಕಡದೈತೋ? ನಡುನಡುವೆ ಬೋಳು ಬಿದ್ದೈತಿ ನೋಡ್ರಿ ಇಲ್ಲಿ!"

ಹತ್ತಿ ನೋಡಿದೆ. ನಿಜ. ಹಸಿರಿನ ನಡುವೆ ಅಲ್ಲಲ್ಲಿ ಬರೀ ನೀರು. ಆರು ಸಸಿಯ ಜಾಗದಲ್ಲಿ ನಾಲ್ಕು, ಐದು. ಒಬ್ಬಳ ಪಾಲಿನಲ್ಲಿ ಮಾತ್ರವಲ್ಲ, ಎಲ್ಲರ ಪಾಲಿನಲ್ಲೂ ಒಂದೇ ನೇರದಲ್ಲಿ. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಹತ್ತಿರ ಇದ್ದವರ ಮೇಲೆ ಹಾಕುವುದು ನನ್ನ ಚಾಳಿ.

"ಏನ್ ಲೇ, ಕೈಯಾಗ ಗೋರಂಟಿ ಹಚ್ಕೊಂಡು ಬಂದೀಯೇನು? ಆರು ಎಣಿಸಾಕ ಬರಂಗಿಲ್ಲಾ ನಿನಗ?" ಎಂದೆ ಸಂಡೂರಿನವಳಿಗೆ.

ಅವಳು ಸೊಂಟ ಹಿಡಿದು ನೆಟ್ಟಗಾದಳು. "ನನ್ನ ಬೈಬ್ಯಾಡ ದೊಡ್ಡವ್ವ. ಆರು ಹಚ್ಚಾಕ ಬಿಡ್ತೀಯೇನ್ ನೀನು? ಸೊಲ್ಲು ಅರ್ಧಕ್ಕ ನುಂಗಾಕತ್ತಿ. ನೀ ನುಂಗಿದಿ ಅಂದ್ರ ಇವ್ರೆಲ್ಲ ಹೆಜ್ಜಿ ಹಿಂದ ಇಡ್ತಾರ. ನಾ ಒಬ್ಬಾಕಿ ಅಲ್ಲೇ ನಿಂದ್ರಲೇನು, ಬೆದರು ಗೊಂಬಿ ಹಂಗ?"

ಹೆಂಗಸರು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಟೆಂಪೊದಲ್ಲಿ ಮರಳುವಾಗ ಮಾತ್ರ ನಗು ಬರಲಿಲ್ಲ. ಅವಳು ಹೇಳಿದ್ದು ಸರಿ. ನನ್ನ ಉಸಿರು ಎಲ್ಲಿ ತುಂಡಾಗಿತ್ತೋ ಅಲ್ಲಿ ಗದ್ದೆ ಬೋಳಾಗಿತ್ತು. ಕಾಲಿಗೆ, ದಮ್ಮಿಗೆ, ಬಟ್ಟೆಗೆ ಉತ್ತರ ಕೊಟ್ಟಿದ್ದೆ. ಗದ್ದೆಗೆ ಏನು ಉತ್ತರ ಕೊಡಲಿ? ಅದು ಹನ್ನೆರಡು ಜನರ ಕೈಯಲ್ಲಿ ಬರೆದಿಟ್ಟ ಹಾಗಿತ್ತು.

ಆದರೂ ನಾಲ್ಕನೇ ದಿನ ಹೋದೆ. ಹೋಗುವ ಮುಂಚೆ ಬಟ್ಟೆಗೆ ಇನ್ನೊಂದು ತುಂಡು ಜೋಡಿಸಿ ಹೊಲಿದು ಐದು ಸುತ್ತು ಬಿಗಿದೆ.

ಹನ್ನೊಂದು ಗಂಟೆಯ ಹೊತ್ತಿಗೆ ಏನಾಯಿತೆಂದು ನಾನು ಹೇಳುವುದಕ್ಕಿಂತ ಬೇರೆಯವರು ಚೆನ್ನಾಗಿ ಹೇಳುತ್ತಾರೆ. ನನಗೆ ನೆನಪಿರುವುದು ಇಷ್ಟು: ನೀರಿನಲ್ಲಿ ಮೋಡಗಳು ಜೋರಾಗಿ ಓಡುತ್ತಿದ್ದವು. ನಾನು ಸೊಲ್ಲು ಎತ್ತಿದೆ, ಅದು ಬಾಯಿಂದ ಹೊರಗೆ ಬರಲೇ ಇಲ್ಲ, ಆದರೂ ಹೆಂಗಸರು ಅದನ್ನು ಹಿಡಿದು ಹಾಡಿದರು. ನಾನಿಲ್ಲದೆಯೂ ಹಾಡು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದೆಯಲ್ಲ, ಎಷ್ಟು ಚಂದ ಎನಿಸಿತು. ಬಂಡೆಗುಡ್ಡವೊಂದು ನನ್ನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಅದರ ಮೇಲೆ ಕುಳಿತುಕೊಳ್ಳೋಣವೆಂದು ಕುಳಿತೆ. ಕೆಸರಿನಲ್ಲಿ ಕುಳಿತಿದ್ದೆ.

ಎತ್ತಿ ಬದುವಿನ ಮೇಲೆ ಹಾಕಿದರು. ಒಬ್ಬಳು ಮುಖಕ್ಕೆ ನೀರು ಹಾಕಿದಳು, ಒಬ್ಬಳು ಸೆರಗಿನಿಂದ ಗಾಳಿ. ಸಂಡೂರಿನವಳು ನನ್ನ ಮೊಣಕಾಲಿನ ಕೆಳಗೆ ಕೆಸರು ಒರೆಸುತ್ತ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೇ ಉಳಿಯಿತು. ಗದ್ದೆಯಲ್ಲಿ ಕಾಲೆತ್ತಿದ ಮೇಲೆ ಹೆಜ್ಜೆಯ ಗುಂಡಿ ನಿಧಾನಕ್ಕೆ ತುಂಬಿಕೊಳ್ಳುತ್ತದಲ್ಲ, ಹಾಗೆ ಅದು ನಿಧಾನಕ್ಕೆ ತುಂಬಿತು. ಇಬ್ಬರೂ ನೋಡಿದೆವು.

ಆಮೇಲೆ ಅವಳು ನನ್ನ ಸೀರೆಯೊಳಗೆ ಕೈ ಹಾಕಿ ಗಂಟು ಹುಡುಕಿದಳು. ಬಿಚ್ಚುವುದಕ್ಕಲ್ಲ.

"ಗಾಳಿ ಏರೈತಿ ದೊಡ್ಡವ್ವ, ಸಡ್ಲ ಆಗೈತಿ. ತಡಿ, ಇನ್ನೊಂದು ಸುತ್ತು ಜಗ್ಗಿ ಬಿಗಿತೀನಿ" ಎಂದು ಮೊಣಕಾಲನ್ನು ನನ್ನ ಪಕ್ಕೆಗೆ ಕೊಟ್ಟಳು. ನಾನು ಕಲಿಸಿದ ಹಾಗೆಯೇ.

ಆ ಮೊಣಕಾಲು ನನಗೆ ಬುದ್ಧಿ ತಂದಿತು. ಉಸಿರೇ ಇಲ್ಲದವಳ ಹೊಟ್ಟೆಯನ್ನು ಇವಳು ಇನ್ನೂ ಬಿಗಿಯುತ್ತಿದ್ದಾಳೆ. ನಾಳೆ ಇವಳು ಬಿದ್ದರೆ ಇವಳ ಪಕ್ಕದವಳು ಇವಳಿಗೆ ಬಿಗಿಯುತ್ತಾಳೆ.

"ಬಿಚ್ಚು" ಎಂದೆ.

"ಬ್ಯಾಡ ದೊಡ್ಡವ್ವ, ಗಾಳಿ..."

"ಗಾಳೀನೂ ಇಲ್ಲ ಗೂಳೀನೂ ಇಲ್ಲ. ಬಿಚ್ಚು ಲೇ. ನಿಂದೂ ಬಿಚ್ಚು."

ಬದುವಿನ ಮೇಲೆ ಹೆಂಗಸರು ಸೀರೆ ಅಡ್ಡ ಹಿಡಿದರು. ಐದು ಸುತ್ತು ಬಿಚ್ಚಿದಾಗ ಬಟ್ಟೆಯ ಅಚ್ಚು ಹೊಟ್ಟೆಯ ಮೇಲೆ ಬರೆ ಎಳೆದಂತೆ ನಿಂತಿತ್ತು, ಹೊಟ್ಟೆ ನೀರು ತುಂಬಿದ ತೊಗಲ ಚೀಲದಂತೆ ಪಕ್ಕಕ್ಕೆ ಜಾರಿತು. ಆಮೇಲೆ ಅವಳೂ ತನ್ನದನ್ನು ಬಿಚ್ಚಿದಳು. ಗದ್ದೆ ನೋಡಿಕೊಳ್ಳುವವನು ಅತ್ತ ಮುಖ ಮಾಡಿ, "ಇವತ್ತಿನ ಮಡಿ ಯಾರು ಮುಗಸ್ತಾರಮ್ಮಾ? ಸಸಿ ಕಿತ್ತು ಇಟ್ಟೈತಿ" ಎಂದ.

"ನನ್ನ ಹೆಣ ಹೊರಾಕೂ ಇವ್ರೇ ಬೇಕಪ್ಪಾ. ಯಾವ್ದು ಮೊದಲು ಮಾಡ್ಲಿ ನೀನೇ ಹೇಳು" ಎಂದೆ. ಅವನು ಟೆಂಪೊದವನನ್ನು ಕರೆದ. ಕೆಟ್ಟವನಲ್ಲ.

ಹತ್ತು ಜನ ಗದ್ದೆಯಲ್ಲಿ ಉಳಿದರು. ಸಂಡೂರಿನವಳನ್ನು ನಾನು ಎಳೆದುಕೊಂಡೇ ಹೋದೆ. ನನಗೇನಾಗಿದೆ, ನಾನು ಕೆಲಸಕ್ಕೆ ಇಳಿಯುತ್ತೇನೆ ಎಂದು ಗೊಣಗುತ್ತಿದ್ದಳು. ಹೊಸಪೇಟೆಯ ಆಸ್ಪತ್ರೆಯವರೆಗೂ ಗೊಣಗಿದಳು. ಒಳ್ಳೆಯದೇ ಆಯಿತು, ಅವಳ ಗೊಣಗಾಟ ಕೇಳುತ್ತ ನಾನು ಕಣ್ಣು ಮುಚ್ಚಲಿಲ್ಲ.

ಮೊದಲು ನರ್ಸ್ ಒಬ್ಬಳು ಬಿ.ಪಿ. ನೋಡಿದಳು. ನೋಡಿದವಳು ಮತ್ತೊಮ್ಮೆ ನೋಡಿದಳು, ಮತ್ತೆ ಬೇರೆ ಮಿಷನ್ ತಂದಳು. ಎದೆಗೆ ವಯರು ಅಂಟಿಸಿ ಗೆರೆ ತೆಗೆದರು. ಆಮೇಲೆ ಕತ್ತಲ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ತಣ್ಣನೆಯ ಲೇಪ ಹಚ್ಚಿ, ಎದೆಯೊಳಗಿನ ಚಿತ್ರ ತೋರಿಸಿದರು. ಹೊಳೆಯ ತಳದಲ್ಲಿ ಮೀನು ಬಾಯಿ ತೆರೆದು ಮುಚ್ಚಿ ಮಾಡಿದಂತಿತ್ತು. ಬಹಳ ಹೊತ್ತು ನೋಡಿದೆ. ಅರವತ್ತು ದಾಟುವವರೆಗೆ ಒಳಗೆ ಇಷ್ಟು ಕೆಲಸ ಮಾಡಿದ ಅದನ್ನು ನಾನು ಒಂದು ದಿನವೂ ಮಾತಾಡಿಸಿರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಅಜ್ಜಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಹೃದಯ ರಕ್ತವನ್ನ ಹಿಂಡಿ ಕಳಿಸಬೇಕು. ನಿಮ್ಮದು ಅರ್ಧ ಹಿಂಡ್ತಾ ಇದೆ. ಅದಕ್ಕೇ ಕಾಲಲ್ಲಿ, ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ ನೀರು ನಿಂತಿದೆ. ಇಷ್ಟು ಬಿ.ಪಿ. ವರ್ಷಗಟ್ಟಲೆ ಇದ್ದು ಹೃದಯ ಸೋತಿದೆ. ಮಾತ್ರೆ ತಗೊಳ್ತಿದ್ರಾ, ಯಾವಾಗ ಬಿಟ್ರಿ?"

ನಾಲ್ಕು ವರ್ಷವಾಗಿತ್ತು. ಆಪರೇಷನ್ ಆದಾಗಲೇ ನನಗೆ ಬಿ.ಪಿ. ಇದೆ ಎಂದು ಮಾತ್ರೆ ಬರೆದಿದ್ದರು. ಐದು ವರ್ಷ ಕ್ಯಾನ್ಸರಿನ ತಪಾಸಣೆಗೆ ಹೋಗುವಾಗಲೆಲ್ಲ ಅದನ್ನೂ ತಂದು ತಿಂದೆ. ಐದನೇ ವರ್ಷ, "ರೋಗ ಇಲ್ಲ ಅಮ್ಮಾ, ಇನ್ನು ಇಲ್ಲಿಗೆ ಬರೋದು ಬೇಡ" ಎಂದರು. ನಾನು ಎಲ್ಲ ಮುಗಿಯಿತು ಎಂದು ತಿಳಿದು, ಉಳಿದ ಮಾತ್ರೆಗಳನ್ನು ದಾರಿಯಲ್ಲಿ ಕಾಲುವೆಗೆ ಹಾಕಿ ಕೈ ಮುಗಿದು ಬಂದಿದ್ದೆ.

ಹಾಗೆಂದು ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅವರು ಬೇಡ ಅಂದಿದ್ದು ಕ್ಯಾನ್ಸರ್ ತಪಾಸಣೆ ಅಜ್ಜಿ. ಈ ಕ್ಯಾನ್ಸರ್ ಬರೋ ಎಷ್ಟೋ ಹೆಂಗಸರಿಗೆ ಬಿ.ಪಿ., ಸಕ್ಕರೆ, ಮೈಭಾರ ಮೊದಲೇ ಇರುತ್ತೆ. ಗರ್ಭಕೋಶ ತೆಗೆದರೆ ಕ್ಯಾನ್ಸರ್ ಹೋಗುತ್ತೆ, ಅವು ಹೋಗಲ್ಲ. ಕ್ಯಾನ್ಸರ್ ಗೆದ್ದು ಹತ್ತಾರು ವರ್ಷ ಆದವರನ್ನ ಕೊನೆಗೆ ಕರ್ಕೊಂಡು ಹೋಗೋದು ಅನೇಕ ಸಲ ಹೃದಯ. ಗೆದ್ದೆವು ಅಂತ ಯಾರೂ ಅತ್ತ ನೋಡಲ್ಲ."

"ನಾಟಿ ಆತು ಅಂತ ಕಳೆ ತೆಗಿಯಾಕ ಹೋಗದಂಗ ಆತು ಬಿಡ್ರಿ" ಎಂದೆ.

"ಹೌದು. ಈ ಬಟ್ಟೆ ಏನು?" ಸಂಡೂರಿನವಳು ಕೆಸರಿನ ಹಸಿರು ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹೇಳಿದೆವು. ಬೈಯುತ್ತಾರೆ ಎಂದುಕೊಂಡೆ. ಅವರು ಅದನ್ನು ಬಿಡಿಸಿ, ಜೋಡಿಸಿ ಹೊಲಿದ ಜಾಗ ನೋಡಿ, "ಯಾವತ್ತಿಂದ ಇದು ಸಾಲದೆ ಬಂತು?" ಎಂದು ಕೇಳಿದರು.

"ಯುಗಾದಿ ಆದ ಮ್ಯಾಲೆ."

"ಹಾಗಾದ್ರೆ ನೀರು ತುಂಬೋಕೆ ಶುರುವಾಗಿದ್ದು ಆಗಲೇ. ಬಟ್ಟೆ ರೋಗ ತಂದಿಲ್ಲ ಅಜ್ಜಿ. ನಿಮಗೆ ಹೇಳ್ತಾ ಇತ್ತು. ನೀವು ಅದರ ಬಾಯಿ ಬಿಗಿದಿರಿ. ಉಸಿರಿಗೂ ಅಡ್ಡ ಬಂತು."

ಇಂಥ ಮಾತು ಮನೆಯವರು ಆಡಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಅಲ್ಲಿ ಎದ್ದು ಹೋಗುವಷ್ಟು ಉಸಿರಿರಲಿಲ್ಲ.

ಅದೇ ಕುರ್ಚಿಯಲ್ಲಿ ಸಂಡೂರಿನವಳನ್ನು ಕೂರಿಸಿ ಅವಳದೂ ನೋಡಿರಿ ಎಂದೆ. ಬಿ.ಪಿ. ಹೆಚ್ಚಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಅವಳನ್ನೂ ಎಡಮಗ್ಗುಲಿಗೆ ಮಲಗಿಸಿ ಎದೆ ನೋಡಿದರು. ಅವಳ ಮೀನು ಗಟ್ಟಿಯಾಗಿ ಬಾಯಿ ಮುಚ್ಚಿ ತೆರೆಯುತ್ತಿತ್ತು. "ಇವರದು ಇನ್ನೂ ಚೆನ್ನಾಗಿದೆ. ಇವತ್ತಿಂದ ಮಾತ್ರೆ ತಗೊಂಡ್ರೆ ಚೆನ್ನಾಗೇ ಇರಬಹುದು" ಎಂದರು.

ನನ್ನನ್ನು ಐದು ದಿನ ಇರಿಸಿಕೊಂಡರು. ಸೂಜಿ, ಮಾತ್ರೆ. ಮೈಯೊಳಗಿನ ನೀರು ಇಳಿಯುತ್ತಲೇ ಇತ್ತು. ಮಂಚದ ಮೇಲೆ ಮಲಗಿ ಕಿಟಕಿಯ ಆಕಾಶ ನೋಡುತ್ತಿದ್ದರೆ ಯಾರೋ ನನ್ನ ಮಡಿಯ ತೂಬು ತೆಗೆದು ನೀರು ಬಿಡುತ್ತಿದ್ದಾರೆ, ನಾನು ಮೆಲ್ಲಗೆ ತಳ ಕಾಣುತ್ತಿದ್ದೇನೆ ಎನಿಸುತ್ತಿತ್ತು. ಮೂರನೇ ದಿನ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದೆ. ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು: ಮಾತ್ರೆ ಒಂದು ದಿನವೂ ತಪ್ಪಬಾರದು, ಉಪ್ಪು ಕಡಿಮೆ, ದಿನಾ ಬೆಳಿಗ್ಗೆ ತೂಕ ನೋಡಬೇಕು, ತೂಕ ತಟ್ಟನೆ ಏರಿದರೆ ಕಾಯದೆ ಬರಬೇಕು. ಸದ್ಯಕ್ಕೆ ಕೆಸರಿಗೆ ಇಳಿಯುವಂತಿಲ್ಲ, ಬಯಲಲ್ಲಿ ನಿಧಾನಕ್ಕೆ ನಡೆಯಬಹುದು. ಮೊದಲಿನಂತೆ ಆಗುತ್ತೇನೆಯೇ ಎಂದು ಕೇಳಿದೆ. "ಸುಧಾರಿಸಬಹುದು. ಪೂರ್ತಿ ಅಂತ ನಾನು ಹೇಳಲ್ಲ" ಎಂದರು. ಸುಳ್ಳು ಹೇಳಲಿಲ್ಲವಲ್ಲ ಎಂದು ಅವರ ಮೇಲೆ ಮರ್ಯಾದೆ ಬಂತು.

ಮನೆಗೆ ಬಂದ ಸಂಜೆ ಸಂಡೂರಿನವಳು ಬಂದಳು. ಉಳಿದ ಮಡಿಗಳನ್ನು ಅವರೇ ಮುಗಿಸಿದ್ದರು, ಹಾಡಿಲ್ಲದೆ, ದಾರ ಹಿಡಿದು. ಬೋಳು ಬಿದ್ದ ಮಡಿ ಹಾಗೇ ಇತ್ತು. ಮಿಕ್ಕ ಸಸಿಯಿಂದ ಅದನ್ನು ತುಂಬುವುದು ನಾಳೆಗೆ. ಮಾತಾಡುತ್ತ ಅವಳ ಸೆರಗಿನ ಗಂಟಿನಲ್ಲಿ ಮಾತ್ರೆಯ ಹಾಳೆ ಕಂಡಿತು. ಈಸಿಕೊಂಡು ನೋಡಿದೆ. ಒಂದೂ ಒಡೆದಿರಲಿಲ್ಲ.

"ಇದ್ಯಾಕ ಹಿಂಗೈತಿ?"

"ನನಗ ಏನೂ ಆಗವಲ್ದು ದೊಡ್ಡವ್ವ. ತಲಿ ನೋಯವಲ್ದು, ದಮ್ಮು ಬರವಲ್ದು. ಆರಾಮ್ ಇದ್ದಾಕಿ ಯಾಕ ತಿನ್ಲಿ? ಕ್ಯಾನ್ಸರ್ ಹೋತಲ್ಲ."

ನಾಲ್ಕು ವರ್ಷದ ಹಿಂದೆ ಕಾಲುವೆ ದಂಡೆಯಲ್ಲಿ ನಿಂತವಳೇ ಮಾತಾಡಿದ ಹಾಗಾಯಿತು. ಬೈಯಬೇಕೆಂದು ಬಾಯಿ ತೆರೆದೆ. ಬೈದರೆ ಇವಳು ನಗುತ್ತಾಳೆ. "ನಾಳಿ ಟೆಂಪೊದಾಗ ನನ್ನ ಬಿಟ್ಟು ಹೋಗಬ್ಯಾಡ್ರಿ" ಎಂದಷ್ಟೇ ಹೇಳಿ ಹಾಳೆ ನನ್ನಲ್ಲೇ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಗೊಬ್ಬರದ ಅಂಗಡಿಯ ತೂಕದ ಮಿಷನ್ ಮೇಲೆ ಹತ್ತಿ ನಿಂತೆ. ಅಂಗಡಿಯವನು, "ಯೂರಿಯಾ ಚೀಲಕ್ಕಿಂತ ಜಾಸ್ತಿ ಇದ್ದೀಯಲ್ಲ ಬೇ" ಎಂದ. "ಬೆಲಿ ಕಟ್ಟಬ್ಯಾಡ, ಅಂಕಿ ಹೇಳು" ಎಂದೆ. ಆ ಅಂಕಿಯನ್ನು ಇದ್ದಿಲಿನಿಂದ ಅಂಗಡಿಯ ಹೊರಗೋಡೆಗೆ ಬರೆದೆ. ಟೆಂಪೊ ಬಂತು, ಮುಂದೆ ಕುಳಿತೆ.

ಗದ್ದೆಯಲ್ಲಿ ಹೆಂಗಸರು ಇಳಿದು ಸಾಲಾದರು. ಬದುವಿನ ಪಕ್ಕದ ತುದಿ ಖಾಲಿ ಇತ್ತು. ಸಂಡೂರಿನವಳು ತನ್ನ ಎರಡನೇ ಜಾಗದಲ್ಲೇ ನಿಂತು ನನ್ನ ಮುಖ ನೋಡಿದಳು. ನಾನು ಬುಟ್ಟಿ ಬೋರಲು ಹಾಕಿ ಬದುವಿನ ಮೇಲೆ ಕುಳಿತು ಅವಳನ್ನು ಕರೆದೆ. ಹಾಳೆ ಒಡೆದು ಎರಡು ಮಾತ್ರೆ ತೆಗೆದೆ, ಒಂದು ನನ್ನದು, ಒಂದು ಅವಳದು. ನನ್ನದನ್ನು ಅವಳ ಎದುರಿಗೆ ನುಂಗಿದೆ.

"ತುದಿ ನಿಂದು. ಸೊಲ್ಲೂ ನಿಂದೇ. ಆದ್ರ ದಿನಾ ಇದನ್ನ ನುಂಗಿದಾಕಿ ಮಾತ್ರ ಅಲ್ಲಿ ನಿಂದ್ರಬೇಕು. ಇಲ್ಲಾಂದ್ರ ದಾರ ಹಿಡ್ಕೊಂಡು ಹಚ್ರಿ, ನನಗೇನು."

ಹತ್ತು ಹೆಂಗಸರು ಬಗ್ಗಿದವರು ಹಾಗೇ ತಲೆ ಎತ್ತಿ ನೋಡುತ್ತಿದ್ದರು. "ಲಗೂನ ನುಂಗ್ ಬೇ, ಸೊಂಟ ಹೋಗಾಕತ್ತೈತಿ!" ಎಂದು ಒಬ್ಬಳು ಕೂಗಿದಳು. ಸಂಡೂರಿನವಳು ಕೆಸರು ಕೈಯನ್ನು ಸೀರೆಗೆ ಒರೆಸಿಕೊಂಡು ಮಾತ್ರೆ ಬಾಯಿಗೆ ಹಾಕಿಕೊಂಡಳು.

"ಬಾಯಿ ತೆಗಿ. ನಾಲಿಗಿ ಎತ್ತು."

"ದೊಡ್ಡವ್ವಾ!"

"ಎತ್ತು ಲೇ."

ಎತ್ತಿದಳು. ಇರಲಿಲ್ಲ. ಹೋಗಿ ತುದಿಯಲ್ಲಿ ನಿಂತು ಸೊಲ್ಲು ಎತ್ತಿದಳು. ದನಿ ನನ್ನದಕ್ಕಿಂತ ಒರಟು, ಆದರೆ ಕೊನೆಯವರೆಗೆ ಹೋಯಿತು. ನೀರಿನೊಳಗಿನ ಗುಡ್ಡ ಅಲುಗಿ ಮತ್ತೆ ನಿಂತಿತು.

ಎಲ್ಲಿ ತುಂಬಬೇಕು ಎಂದು ನಾನು ಕೋಲಿನಿಂದ ತೋರಿಸಿದೆ. ಗದ್ದೆ ನೋಡಿ ತೋರಿಸಲಿಲ್ಲ. ಮೂರನೇ ದಿನ ಆ ಮಡಿಯಲ್ಲಿ ಹಾಡಿದ್ದನ್ನೇ ಮೊದಲಿಂದ ಮನಸ್ಸಿನಲ್ಲಿ ಹಾಡಿಕೊಳ್ಳುತ್ತ, ಉಸಿರು ತುಂಡಾಗಿ ನುಂಗಿದ ಸೊಲ್ಲು ಬಂದಾಗಲೆಲ್ಲ ಕೋಲು ಚಾಚಿದೆ. ಚಾಚಿದಲ್ಲೆಲ್ಲ ಬೋಳಿತ್ತು.